ಹೊಸಬರಿಗೆ ಪೈಥಾನ್ ಕಾರ್ಯಾಗಾರ ಇಡುವವರಿಗೆ

ಅರ್ಧ ದಿನ ಹಾಳಾಗುವುದು ಪಾಠದಲ್ಲಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಇನ್‌ಸ್ಟಾಲ್ ಮಾಡುವುದರಲ್ಲಿ. 30 ಜನ ಒಂದೇ ವೈಫೈನಲ್ಲಿ ಡೌನ್‌ಲೋಡ್‌ಗೆ ಕೂತರೆ ಊಟದ ಹೊತ್ತಿನವರೆಗೂ ಅದೇ ಕೆಲಸ. ಇನ್‌ಸ್ಟಾಲರನ್ನು ಮೊದಲೇ ನಾಲ್ಕೈದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಇನ್‌ಸ್ಟಾಲರಿನ ಮೊದಲ ಪರದೆಯ ಕೆಳಗೆ ‘ಪಾತ್’ಗೆ (ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಟಿಕ್ ಇರುತ್ತದೆ, ಅದನ್ನು ನಾವೇ ಹಾಕಬೇಕು. ಮರೆತರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪೈಥಾನ್’ ಎಂದು ಹೊಡೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು ಎಲ್ಲರೂ ಕಕ್ಕಾಬಿಕ್ಕಿ.

ಕೋಡ್ ಬರೆಯುವ ಎಡಿಟರ್ ಬಗ್ಗೆ ಜಗಳ ಬೇಡ. ಮೊದಲ ದಿನಕ್ಕೆ ಪೈಥಾನ್ ಜೊತೆಗೇ ಬರುವ ‘ಐಡಲ್’ ಎಡಿಟರ್ ಧಾರಾಳ ಸಾಕು. ನೋಟ್‌ಪ್ಯಾಡ್ ಅಂತೂ ಬೇಡವೇ ಬೇಡ, ಫೈಲ್ ಹೆಸರಿನ ಕೊನೆಗೆ ‘.ಟಿಎಕ್ಸ್‌ಟಿ’ ಅಂಟಿಕೊಂಡಿದ್ದು ಕಣ್ಣಿಗೇ ಬೀಳುವುದಿಲ್ಲ.

ಆರು ಜನಕ್ಕೊಬ್ಬ ಸಹಾಯಕರಿರಲಿ. ಕಲಿಯುವವರ ಕೀಬೋರ್ಡ್ ಮುಟ್ಟಬೇಡಿ ಎಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಿ.

‘ಇನ್‌ಪುಟ್’ (ಟೈಪ್ ಮಾಡಿದ್ದನ್ನು ಪ್ರೋಗ್ರಾಂಗೆ ತಂದುಕೊಡುವ ಆದೇಶ) ಕಲಿಸುವಾಗ 5 ಮತ್ತು 3 ಕೊಟ್ಟು ಕೂಡಿಸಲು ಹೇಳಿ. ಉತ್ತರ 53 ಬರುತ್ತದೆ, ಯಾಕೆಂದರೆ ಅದು ಕೊಡುವುದು ಅಂಕಿಯನ್ನಲ್ಲ, ಅಕ್ಷರಗಳ ಸಾಲನ್ನು. ಮೊದಲೇ ಎಚ್ಚರಿಸದೆ 53 ನೋಡಲು ಬಿಡಿ, ಅದನ್ನು ಸಂಖ್ಯೆಯಾಗಿ ಬದಲಿಸುವ ‘ಇಂಟ್’ ಆಮೇಲೆ ಹೇಳಿಕೊಡಿ.

ಸಹಾಯಕರೂ ತಲೆ ಕೆರೆದುಕೊಳ್ಳುವ ಎರಡು ತೊಂದರೆಗಳಿವೆ. ಮನಬಂದಂತೆ ಸಂಖ್ಯೆ ಆರಿಸಿಕೊಡುವ ‘ರ‍್ಯಾಂಡಮ್’ ಅಭ್ಯಾಸದ ಫೈಲಿಗೆ ಅದೇ ಹೆಸರಿಟ್ಟರೆ ಪೈಥಾನ್ ತನ್ನ ಮಾಡ್ಯೂಲ್ (ಸಿದ್ಧ ಕೋಡಿನ ಫೈಲ್) ಬಿಟ್ಟು ಈ ಫೈಲನ್ನೇ ಇಂಪೋರ್ಟ್ ಮಾಡುತ್ತದೆ, ಅಂದರೆ ಒಳಗೆ ತಂದುಕೊಳ್ಳುತ್ತದೆ. ಇನ್ನೊಂದು, ಸ್ಲೈಡಿನಿಂದ ಕಾಪಿ ಮಾಡಿದ ಕೋಡಿನಲ್ಲಿ ಉದ್ಧರಣ ಚಿಹ್ನೆಗಳು ಬಾಗಿಕೊಂಡಿರುತ್ತವೆ, ಆಗ ಸಿಂಟ್ಯಾಕ್ಸ್ ಎರರ್ (ಬರೆಯುವ ನಿಯಮ ತಪ್ಪಿದೆ ಎಂಬ ದೋಷ) ಖಚಿತ. ಕೋಡನ್ನು ಪೈಥಾನ್‌ನ ‘.ಪಿವೈ’ ಫೈಲಾಗಿಯೇ ಹಂಚಿ.