ಮನೆಗೆ ಕೊಡುವ ಕೋಡಿಂಗ್ ಪರೀಕ್ಷೆ: ಮೊದಲು ನೀವೇ ಬರೆದು ನೋಡಿ

ಕೆಲಸಕ್ಕೆ ಅರ್ಜಿ ಹಾಕಿದ ಅಭ್ಯರ್ಥಿಗಳಿಗೆ ಮನೆಯಲ್ಲೇ ಮಾಡಿ ಕಳಿಸಿ ಅಂತ ನಾನು ಮೊದಲ ಸಲ ಕೊಟ್ಟಿದ್ದು ಲಾಗಿನ್, ಡೇಟಾಬೇಸ್ ಎಲ್ಲಾ ಇರುವ ಒಂದು ಪೂರ್ತಿ ಆ್ಯಪ್. ‘ಮೂರು ಗಂಟೆ ಸಾಕು’ ಅಂತ ಬೇರೆ ಬರೆದಿದ್ದೆ. ಹನ್ನೊಂದು ಜನಕ್ಕೆ ಕಳಿಸಿದೆ, ವಾಪಸ್ ಬಂದದ್ದು ಎರಡೇ. ಅನುಮಾನ ಬಂದು ನಾನೇ ಕೂತು ಬರೆದೆ. ಒಂದೂವರೆ ದಿನ ಹಿಡಿಯಿತು.

ಹಾಗಂತ ಸಂದರ್ಶನದಲ್ಲಿ ಎದುರಿಗೇ ನಿಲ್ಲಿಸಿ ವೈಟ್‌ಬೋರ್ಡಿನಲ್ಲಿ ಕೋಡ್ ಬರೆಸುವ ಪದ್ಧತಿಗೆ ಮರಳಲು ಮನಸ್ಸಾಗಲಿಲ್ಲ. 2020ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕೆಲವರು ಸಂದರ್ಶಕರ ಕಣ್ಣೆದುರು ಬೋರ್ಡಿನಲ್ಲಿ ಬಿಡಿಸಿದರು, ಉಳಿದವರು ಕೋಣೆಯಲ್ಲಿ ಒಬ್ಬರೇ ಇದ್ದು ಬೋರ್ಡಿನಲ್ಲೇ ಬಿಡಿಸಿದರು. ಯಾರೋ ನೋಡುತ್ತಿದ್ದಾರೆ ಅನ್ನುವುದೊಂದರಿಂದಲೇ ಸಾಧನೆ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು.

ಈಗ ನಾನು ಖಾಲಿ ಹಾಳೆ ಕೊಡುವುದಿಲ್ಲ, ಅರ್ಧ ಕೆಲಸ ಮಾಡುವ ಒಂದು ಪುಟ್ಟ ರೆಪೊ, ಅಂದರೆ ಕೋಡ್ ಫೈಲುಗಳ ಕಟ್ಟು, ಕೊಡುತ್ತೇನೆ. ಆರ್ಡರ್‌ಗಳ ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ ಪಟ್ಟಿ) ಓದಿ ಒಟ್ಟು ಮೊತ್ತ ಹೇಳುವ ಪ್ರೋಗ್ರಾಂ ಅದು. ಫೈಲಿನಲ್ಲಿ ಕೆಲವು ತಾರೀಕುಗಳು ದಿನದಿಂದ ಶುರು, ಕೆಲವು ವರ್ಷದಿಂದ. ಒಂದು ಆರ್ಡರ್ ಸಂಖ್ಯೆ ಎರಡು ಸಲ ಬಂದಿದೆ. ಪ್ರೋಗ್ರಾಂ ಹಣವನ್ನು ಫ್ಲೋಟ್‌ನಲ್ಲಿ, ಅಂದರೆ ಕಂಪ್ಯೂಟರ್ ಅಂದಾಜಾಗಿ ಇಟ್ಟುಕೊಳ್ಳುವ ದಶಮಾಂಶ ಸಂಖ್ಯೆಗಳಲ್ಲಿ, ಕೂಡಿಸುತ್ತದೆ; 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವ ಹಳೇ ತಲೆನೋವು. ಫೇಲ್ ಆಗುತ್ತಿರುವ ಟೆಸ್ಟನ್ನು (ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡುವ ಕೋಡ್) ಪಾಸ್ ಮಾಡಿಸಿ, ರೀಫಂಡ್ ಕಳೆಯುವುದನ್ನು ಸೇರಿಸಿ, ಏನನ್ನು ಯಾಕೆ ಬಿಟ್ಟಿರಿ ಅಂತ ರೀಡ್‌ಮಿಯಲ್ಲಿ (ಕೋಡಿನ ಜೊತೆ ಇಡುವ ವಿವರಣೆಯ ಫೈಲು) ಬರೆಯಿರಿ. ಕೇಳುವುದು ಇಷ್ಟೇ. ನಿಮ್ಮ ಕಂಪನಿಯ ಬಾಕಿ ಕೆಲಸವನ್ನು ಮಾತ್ರ ಇದರ ಹೆಸರಲ್ಲಿ ಮಾಡಿಸಿಕೊಳ್ಳಬೇಡಿ. ಅಭ್ಯರ್ಥಿಗಳು ದಡ್ಡರಲ್ಲ.

ಕಳಿಸುವ ಮೊದಲು ಗಡಿಯಾರ ಇಟ್ಟುಕೊಂಡು ನೀವೇ ಮಾಡಿ. ನನಗೆ ನಲವತ್ತು ನಿಮಿಷವಾದರೆ ಅವರಿಗೆ ಎರಡು ಗಂಟೆ ಅಂತ ಲೆಕ್ಕ ಹಾಕುತ್ತೇನೆ, ಯಾಕೆಂದರೆ ಬಗ್‌ಗಳನ್ನು ಬಚ್ಚಿಟ್ಟವನು ನಾನೇ. ಅದಕ್ಕಿಂತ ಹೆಚ್ಚಾದರೆ ಏನಾದರೊಂದನ್ನು ಕಿತ್ತುಹಾಕುತ್ತೇನೆ. ಗಡುವು ಒಂದು ವಾರ. ಮಗು ಮಲಗಿದ ಮೇಲೆ ಮಾಡುವವರೂ ಇರುತ್ತಾರೆ.

ಅಂಕದ ಪಟ್ಟಿಯನ್ನು ಮೊದಲ ಉತ್ತರ ತೆರೆಯುವ ಮುಂಚೆಯೇ ಬರೆದಿಡಿ, ಹೆಸರು ಮುಚ್ಚಿ ಓದಿ. ನಾನು ಮೊದಲು ತೆರೆಯುವುದು ರೀಡ್‌ಮಿ. ಒಬ್ಬರು ಬರೆದಿದ್ದರು: ‘ಸಂಖ್ಯೆ ಎರಡು ಸಲ ಇರುವುದು ತಪ್ಪೋ, ಒಂದೇ ಆರ್ಡರನ್ನು ಎರಡು ಕಂತಿನಲ್ಲಿ ಕಳಿಸಿದ್ದೋ ಗೊತ್ತಾಗಲಿಲ್ಲ. ತಪ್ಪು ಅಂದುಕೊಂಡಿದ್ದೇನೆ. ನಿಜವಾದ ಕೆಲಸದಲ್ಲಾದರೆ ಕೇಳುತ್ತಿದ್ದೆ.’ ಅವರ ಕೋಡ್ ಸಾಧಾರಣವಾಗಿತ್ತು. ಆದರೂ ಅವರನ್ನೇ ತೆಗೆದುಕೊಂಡೆವು.

ಎಐ ಬಳಸಬೇಡಿ ಅಂತ ಹೇಳಿ ಪ್ರಯೋಜನವಿಲ್ಲ, ಕಾಯುವವರು ಯಾರು? ಬದಲಿಗೆ ಆಮೇಲೆ ಕರೆ ಮಾಡಿ ಮುಕ್ಕಾಲು ಗಂಟೆ ಅವರ ಕೋಡ್ ಬಗ್ಗೆಯೇ ಮಾತಾಡಿ. ನೋಡಲು ಮುತ್ತಿನಂಥ ಕೋಡ್ ಕಳಿಸಿದ್ದ ಒಬ್ಬರನ್ನು ‘ಹಣವನ್ನು ಪೂರ್ಣಾಂಕಕ್ಕೆ ಯಾಕೆ ಬದಲಿಸಿದಿರಿ?’ ಅಂತ ಕೇಳಿದೆ. ಉತ್ತರ ಬರಲಿಲ್ಲ. ಈ ಮಾತುಕತೆಯಲ್ಲೇ ಒಂದು ಚಿಕ್ಕ ಬದಲಾವಣೆಯನ್ನೂ ಮಾಡಿಸುತ್ತೇನೆ, ಅವರದೇ ಕಂಪ್ಯೂಟರಿನಲ್ಲಿ. ಏನು ಬೇಕೆಂದು ಹೇಳಿ ಹದಿನೈದು ನಿಮಿಷ ಕರೆಯಿಂದ ಹೊರಗೆ ಹೋಗುತ್ತೇನೆ. ಇಲ್ಲದಿದ್ದರೆ ಬೋರ್ಡ್ ಎದುರು ನಿಲ್ಲಿಸಿದಂತೆಯೇ ಆಯಿತಲ್ಲ.

ಆಯ್ಕೆಯಾಗದವರಿಗೂ ಉತ್ತರ ಬರೆಯಿರಿ. ಎರಡು ಸಾಲು ಸಾಕು, ಆದರೆ ಅವರ ಕೋಡಿನದೇ ಮಾತಿರಲಿ: ಯಾವ ಫೈಲು, ಎಷ್ಟನೇ ಸಾಲು, ಏನು ತಪ್ಪಿತು.