ಪಟ್ಟಿಯಲ್ಲಿ ಹೆಸರಿದೆ, ಟ್ರೇಸ್ ಮಾತ್ರ ಖಾಲಿ

ಲಿನಕ್ಸ್ ಕರ್ನಲ್‌ನ ಒಂದು ಫಂಕ್ಷನ್ ಮುಗಿಯುವ ಜಾಗಕ್ಕೆ ಬಿಪಿಎಫ್ ಪ್ರೋಗ್ರಾಂ (ಕರ್ನಲ್ ಒಳಗೇ ಓಡುವ ಪುಟ್ಟ ಕೋಡ್) ಸಿಕ್ಕಿಸಿದರೆ ಒಳಗೆ ಏನೇನು ಓಡುತ್ತದೆ ಅಂತ ನೋಡಬೇಕಿತ್ತು. ಎಕ್ಸ್86-64 ಯಂತ್ರ, ಜಿಸಿಸಿಯಲ್ಲಿ ನಾನೇ ಬಿಲ್ಡ್ ಮಾಡಿದ 5.15 ಕರ್ನಲ್. ಕರ್ನಲ್ ಫಂಕ್ಷನ್‌ಗಳ ಜಾಡು ಹಿಡಿಯುವ ಎಫ್‌ಟ್ರೇಸ್ ಕೊಡುವ ‘ಅವೈಲಬಲ್ ಫಿಲ್ಟರ್ ಫಂಕ್ಷನ್ಸ್’ ಪಟ್ಟಿಯನ್ನು, ಅಂದರೆ ಟ್ರೇಸ್ ಮಾಡಬಹುದಾದ ಫಂಕ್ಷನ್‌ಗಳ ಹೆಸರುಗಳನ್ನು, ಗ್ರೆಪ್ ಮಾಡಿ ಹುಡುಕಿದೆ. ಬಿಪಿಎಫ್ ಪ್ರೋಗ್ರಾಂಗೆ ಜಿಗಿಸುವ ಕೋಡ್ (ಟ್ರ್ಯಾಂಪೊಲಿನ್) ಮುಗಿಯುವಾಗ ಕರೆಯುವ ‘ಬಿಪಿಎಫ್ ಟ್ರ್ಯಾಂಪ್ ಎಕ್ಸಿಟ್’ ಇತ್ತು, ಅದರ ಜೋಡಿ ‘ಟ್ರ್ಯಾಂಪ್ ಎಂಟರ್’ ಇರಲಿಲ್ಲ. ಎಕ್ಸಿಟ್ ಹೆಸರನ್ನು ಫಿಲ್ಟರ್‌ಗೆ ಬರೆದರೆ ಎರರ್ ಏನೂ ಬರಲಿಲ್ಲ. ‘ಎನೇಬಲ್ಡ್ ಫಂಕ್ಷನ್ಸ್’ ಫೈಲಿನಲ್ಲೂ ಅದು ಕಾಣಿಸಿಕೊಂಡಿತು. ಅತ್ತ ನನ್ನ ಬಿಪಿಎಫ್ ಪ್ರೋಗ್ರಾಂನ ಕೌಂಟರ್ ಏರುತ್ತಲೇ ಇದೆ, ಇತ್ತ ಟ್ರೇಸ್ ಬಫರ್‌ನಲ್ಲಿ ಒಂದು ಸಾಲೂ ಇಲ್ಲ.

ಸೋರ್ಸ್ ತೆಗೆದು ನೋಡಿದರೆ ಎಂಟರ್, ಎಕ್ಸಿಟ್ ಎರಡಕ್ಕೂ ‘ನೋಟ್ರೇಸ್’ (ಟ್ರೇಸ್ ಮಾಡಬೇಡ) ಗುರುತಿದೆ. ಅಂದರೆ ಎಂಟರ್ ಇಲ್ಲದಿರುವುದೇ ಸರಿ. ಎಕ್ಸಿಟ್ ಪಟ್ಟಿಗೆ ಹೇಗೆ ಬಂತು?

ಎಫ್‌ಟ್ರೇಸ್ ಬಳಿ ಇರುವುದು ಬರೀ ವಿಳಾಸಗಳು. ಕಂಪೈಲರ್ ನೋಟ್ರೇಸ್ ಗುರುತಿಲ್ಲದ ಪ್ರತಿ ಫಂಕ್ಷನ್‌ನ ತಲೆಯಲ್ಲಿ 5 ಬೈಟ್‌ನ ‘ಎಫ್‌ಎಂಟ್ರಿ’ ಕಾಲ್ ಒಂದನ್ನು ಇಡುತ್ತದೆ, ಆ ಜಾಗದ ವಿಳಾಸವನ್ನು ‘ಎಂಕೌಂಟ್ ಲೊಕ್’ ಎಂಬ ಸೆಕ್ಷನ್‌ಗೆ ಬರೆಯುತ್ತದೆ. ಬೂಟ್ ಆಗುವಾಗ ಕರ್ನಲ್ ಆ ಕಾಲ್‌ಗಳನ್ನೆಲ್ಲ ನಾಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್) ಮಾಡಿ, ಟ್ರೇಸ್ ಕೇಳಿದಾಗ ಮತ್ತೆ ಎಬ್ಬಿಸುತ್ತದೆ. ಹೆಸರು ಬೇಕಾದಾಗ ಕರ್ನಲ್‌ನ ಹೆಸರು-ವಿಳಾಸಗಳ ಪಟ್ಟಿಯಾದ ಕಾಲ್‌ಸಿಮ್ಸ್ ಅನ್ನು ಕೇಳುತ್ತದೆ. ಕಾಲ್‌ಸಿಮ್ಸ್ ಆ ವಿಳಾಸದ ಹಿಂದೆ ತೀರಾ ಹತ್ತಿರ ಇರುವ ಸಿಂಬಲ್ (ಹೆಸರು) ಯಾವುದೋ ಅದನ್ನು ಕೊಟ್ಟು ಸುಮ್ಮನಾಗುತ್ತದೆ.

ಟ್ರ್ಯಾಂಪೊಲಿನ್ ಫೈಲಿನಲ್ಲಿ ಎಕ್ಸಿಟ್ ಆದ ಕೂಡಲೇ ‘ಆರ್ಚ್ ಪ್ರಿಪೇರ್ ಬಿಪಿಎಫ್ ಟ್ರ್ಯಾಂಪೊಲಿನ್’ ಎಂಬ ವೀಕ್ ಫಂಕ್ಷನ್ (ಅದೇ ಹೆಸರಿನ ಬೇರೊಂದು ಇದ್ದರೆ ಜಾಗ ಬಿಟ್ಟುಕೊಡುವಂಥದ್ದು) ಇದೆ. ‘ಸಪೋರ್ಟ್ ಇಲ್ಲ’ ಎಂಬ ಎರರ್ ಹಿಂತಿರುಗಿಸುವುದಷ್ಟೇ ಅದರ ಕೆಲಸ. ಎಕ್ಸ್86ರ ಜಿಟ್ (ಬಿಪಿಎಫ್ ಅನ್ನು ಯಂತ್ರಭಾಷೆಗೆ ಇಳಿಸುವ) ಕೋಡ್ ಅದೇ ಹೆಸರಿನ ಗಟ್ಟಿ ಆವೃತ್ತಿ ಕೊಡುವುದರಿಂದ ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವ ಲಿಂಕರ್ ಅದನ್ನು ಆರಿಸಿಕೊಂಡು ವೀಕ್ ಹೆಸರನ್ನು ಬಿಟ್ಟುಬಿಡುತ್ತದೆ. ಒಡಲನ್ನು ಮಾತ್ರ ಕತ್ತರಿಸಲಾರದು, ಏಕೆಂದರೆ ಲಿಂಕರ್‌ಗೆ ಆ ಆಬ್ಜೆಕ್ಟ್ ಫೈಲಿನ ಟೆಕ್ಸ್ಟ್ ಸೆಕ್ಷನ್ ಇಡಿಯಾಗಿ ಒಂದೇ ತುಂಡು. ಸತ್ತ ಕೋಡ್, ಅದರ ಎಫ್‌ಎಂಟ್ರಿ ಕಾಲ್, ಅದರ ವಿಳಾಸ ಮೂರೂ ಹಾಗೇ ಉಳಿಯುತ್ತವೆ. ಬೋರ್ಡು ಕಿತ್ತ ಮನೆಯ ಅಂಚೆ ಪಕ್ಕದ ಮನೆಗೆ ಹೋದ ಹಾಗೆ, ಅದರ ವಿಳಾಸ ಎಕ್ಸಿಟ್ ಹೆಸರಿಗೆ ಬೀಳುತ್ತದೆ.

ಬಿಲ್ಡ್ ಆದ ಕರ್ನಲ್ ಫೈಲ್ ವಿಎಂಲಿನಕ್ಸ್ ಅನ್ನು ಆಬ್ಜ್‌ಡಂಪ್ ಮಾಡಿ ಇನ್‌ಸ್ಟ್ರಕ್ಷನ್‌ಗಳನ್ನು ನೋಡಿದಾಗ ಇದು ಕಣ್ಣಿಗೇ ಬಿತ್ತು. ಎಕ್ಸಿಟ್‌ನ ರಿಟರ್ನ್ ಆದ ಮೇಲೆ ಸ್ವಲ್ಪ ಪ್ಯಾಡಿಂಗ್, ಆಮೇಲೆ ಹೆಸರೇ ಇಲ್ಲದೆ ಒಂದು ಎಫ್‌ಎಂಟ್ರಿ ಕಾಲ್, ಇಎಎಕ್ಸ್ ರಿಜಿಸ್ಟರ್‌ಗೆ -524, ಮತ್ತೆ ರಿಟರ್ನ್. 524 ಅಂದರೆ ಅದೇ ‘ಸಪೋರ್ಟ್ ಇಲ್ಲ’ ಎರರ್. ಆ ವಿಳಾಸವನ್ನು, ವಿಳಾಸದಿಂದ ಸೋರ್ಸ್ ಹುಡುಕಿಕೊಡುವ ಅಡ್ರ್‌ಟುಲೈನ್‌ಗೆ ಕೊಟ್ಟರೆ ವೀಕ್ ಫಂಕ್ಷನ್‌ನ ನಿಜವಾದ ಹೆಸರನ್ನೇ ಹೇಳಿತು! ಲಿಂಕರ್ ಸಿಂಬಲ್ ಟೇಬಲ್‌ನಿಂದ ಬಿಟ್ಟಿದ್ದು ಡೀಬಗ್ ಮಾಹಿತಿಯಲ್ಲಿ ಭದ್ರವಾಗಿತ್ತು.

2022ರ 5.19 ಕರ್ನಲ್‌ನಲ್ಲಿ ಎಫ್‌ಟ್ರೇಸ್ ರೂಪಿಸಿದ ಸ್ಟೀವನ್ ರೋಸ್ಟೆಟ್ ಇದಕ್ಕೊಂದು ಉಪಾಯ ಮಾಡಿದರು. ಕಾಲ್ ಇರುವ ಜಾಗ ಸಿಂಬಲ್‌ನ ಆರಂಭದಿಂದ ಗೊತ್ತುಪಡಿಸಿದ ಅಂತರಕ್ಕಿಂತ ದೂರ ಇದ್ದರೆ ಅದಕ್ಕೆ ‘ಎಫ್‌ಟ್ರೇಸ್ ಇನ್‌ವ್ಯಾಲಿಡ್ ಅಡ್ರೆಸ್’ ಎಂಬ ಹೆಸರು. ಸಾಲನ್ನೇ ಅಳಿಸುವಂತಿರಲಿಲ್ಲ, ಯಾಕೆಂದರೆ ಫಿಲ್ಟರ್‌ಗೆ ಹೆಸರಿನ ಬದಲು ಕ್ರಮಸಂಖ್ಯೆ ಬರೆಯುವವರೂ ಇದ್ದಾರೆ. ನೋಡಲು ಚೆಂದವಿಲ್ಲದ, ಆದರೆ ಪ್ರಾಮಾಣಿಕವಾದ ಪರಿಹಾರ ಅನ್ನಿಸಿತು ನನಗೆ. 2025ರ 6.15ರಿಂದ ಬಿಲ್ಡ್ ಹಂತದಲ್ಲೇ ಇಂಥ ವಿಳಾಸಗಳನ್ನು ಸೊನ್ನೆ ಮಾಡುವ ವ್ಯವಸ್ಥೆ ಬಂದಿದೆ.

ಫಂಕ್ಷನ್‌ಗೊಂದು ಸೆಕ್ಷನ್ ಮಾಡಿ ಬೇಡದ್ದನ್ನು ಲಿಂಕರ್‌ನಿಂದಲೇ ಎಸೆಯಿಸಬಾರದೇ ಅಂತ ಕೇಳಬಹುದು. ಆದರೆ ಎಂಕೌಂಟ್ ಲೊಕ್ ಪಟ್ಟಿ ಎಲ್ಲ ಫಂಕ್ಷನ್‌ಗಳತ್ತಲೂ ಬೆರಳು ತೋರಿಸುತ್ತದೆ. ಅದನ್ನು ಉಳಿಸು ಎಂದರೆ ಎಲ್ಲವೂ ಉಳಿಯುತ್ತದೆ, ಎಸೆ ಎಂದರೆ ಟ್ರೇಸಿಂಗೇ ಹೋಯಿತು.

ಇನ್ನೊಂದು ಪ್ರೊಸೆಸರ್ ವಿನ್ಯಾಸವಾದ ರಿಸ್ಕ್-ವಿಯಲ್ಲಿ ಲಿಂಕರ್‌ನ ಕಥೆಯೇ ಬೇರೆ. ಅಲ್ಲಿ ಲಿಂಕರ್ ರಿಲ್ಯಾಕ್ಸೇಶನ್ ಎರಡು ಇನ್‌ಸ್ಟ್ರಕ್ಷನ್‌ನ ದೂರದ ಕಾಲ್ ಅನ್ನು ಒಂದಕ್ಕೆ ಇಳಿಸಿಬಿಡುತ್ತದೆ. ಎಫ್‌ಟ್ರೇಸ್‌ಗೆ ಪ್ಯಾಚ್ ಮಾಡಲು ಬೇಕಿದ್ದ ಜಾಗವೇ ಹಾಗೆ ಕುಗ್ಗಬಾರದಲ್ಲ. ಅದಕ್ಕೇ ಡೈನಾಮಿಕ್ ಎಫ್‌ಟ್ರೇಸ್ ಆನ್ ಆಗಿದ್ದರೆ ರಿಸ್ಕ್-ವಿಯ ಮೇಕ್‌ಫೈಲ್ (ಬಿಲ್ಡ್ ನಿಯಮಗಳ ಫೈಲ್) ‘ನೋ ರಿಲ್ಯಾಕ್ಸ್’ ಅಂತ ಲಿಂಕರ್‌ಗೆ ಖಡಾಖಂಡಿತ ಹೇಳಿಬಿಡುತ್ತದೆ.

ಈಗ ಹಳೆಯ ಕರ್ನಲ್ ಕೈಗೆ ಬಂದರೆ, ಫಿಲ್ಟರ್ ಬರೆಯುವ ಮೊದಲೇ ಸಿಂಬಲ್‌ಗಳನ್ನು ಪಟ್ಟಿ ಮಾಡುವ ಎನ್‌ಎಂ ಕೊಡುವ ಫಂಕ್ಷನ್ ಅಳತೆಗಳನ್ನು ಎಂಕೌಂಟ್ ಲೊಕ್ ವಿಳಾಸಗಳ ಪಕ್ಕ ಇಟ್ಟು, ಯಾವ ಫಂಕ್ಷನ್‌ನ ಎಲ್ಲೆಯೊಳಗೂ ಬೀಳದವನ್ನು ಸ್ಕ್ರಿಪ್ಟ್‌ನಲ್ಲೇ ತೆಗೆದುಹಾಕುತ್ತೇನೆ.