ಡೇರಿಯ ಹಳೇ ಫೈಲಿಗೆ ಕನ್ನಡ ಹೆಸರು: ನಲ್ ಬೈಟ್ ಜೊತೆ ನನ್ನ ಅನುಭವ

ಹಾಲಿನ ಡೇರಿಯ ಹಳೇ ಸದಸ್ಯರ ಫೈಲಿಗೆ ಕನ್ನಡ ಹೆಸರು ಕೂರುವುದಿಲ್ಲ, ಎಲ್ಲ ಹೊಸದಾಗಿ ಮಾಡಿಸಿ ಎಂದವರೇ ಹೆಚ್ಚು. ಒಬ್ಬರು ಕೇಳಿದ್ದು ಮೂವತ್ತೈದು ಸಾವಿರದ ಆಸುಪಾಸು. ಈಗ ಅದೇ ಫೈಲಿನ 1,400 ಚಿಲ್ಲರೆ ಹೆಸರು ಕನ್ನಡದಲ್ಲೇ ಚೀಟಿ ಮೇಲೆ ಬರುತ್ತಿವೆ. ಖರ್ಚು ಎರಡು ಭಾನುವಾರ.

ಒಂದು ದಾಖಲೆಗೆ 64 ಬೈಟ್: ಕೋಡ್ 4, ಹೆಸರು 32, ಊರು 24, ಬಾಕಿ 4. ಲೆಕ್ಕ ಮಾಡುವುದು ಹಳೇ ಸಿ ಪ್ರೋಗ್ರಾಂ, ಚೀಟಿ ಮುದ್ರಿಸುವುದು ಪೈಥಾನ್.

ಮೊದಲು ಕೆಟ್ಟದ್ದು ಓದುವಾಗ. ಬಲಗಡೆಯ ಸೊನ್ನೆಗಳನ್ನು ಪೈಥಾನ್‌ನ ಆರ್‌ಸ್ಟ್ರಿಪ್‌ನಿಂದ ತೆಗೆದರೆ ಸಾಲದು. ನಾರಾಯಣಸ್ವಾಮಿ ಇದ್ದ ಜಾಗಕ್ಕೆ ರಮೇಶ ಬಂದಾಗ ಹಳೇ ಪ್ರೋಗ್ರಾಂ ಜಾಗ ಒರೆಸಿರಲಿಲ್ಲ. ನಲ್ (ಹೆಸರು ಇಲ್ಲಿಗೆ ಮುಗಿಯಿತು ಎನ್ನುವ ಸೊನ್ನೆ ಬೈಟ್) ಆದಮೇಲೂ ಹಳೇ ಹೆಸರಿನ ಬಾಲ ಉಳಿದಿತ್ತು. ಮೊದಲ ನಲ್‌ಗೇ ಕತ್ತರಿಸಬೇಕು. 32 ಬೈಟೂ ತುಂಬಿದ ಹೆಸರಿಗೆ ನಲ್ಲೇ ಇರುವುದಿಲ್ಲ, ಆದ್ದರಿಂದ ಮೊದಲು 32 ಬೈಟ್ ಬೇರೆ ಮಾಡಿ, ಆಮೇಲೆ ಅದರೊಳಗೆ ಹುಡುಕಿ. ಇಲ್ಲದಿದ್ದರೆ ಹೆಸರಿಗೆ ಊರೂ ಅಂಟುತ್ತದೆ.

ಬರೆಯುವಾಗಿನ ಪೆಟ್ಟು ದೊಡ್ಡದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರ, ಕಾಗುಣಿತ ಚಿಹ್ನೆ, ವಿರಾಮ (‘ಕ’ವನ್ನು ‘ಕ್’ ಮಾಡುವ ಚಿಹ್ನೆ) ಎಲ್ಲಕ್ಕೂ ತಲಾ 3 ಬೈಟ್. ನಲ್‌ಗೆ ಒಂದು ಬಿಟ್ಟರೆ 31, ಅಂದರೆ ಹತ್ತೇ ಸಂಕೇತ. ಶ್ರೀನಿವಾಸಮೂರ್ತಿಗೆ ಬೇಕು 45. ದಾಖಲೆಯನ್ನು ಬೈಟ್‌ಗಳಾಗಿ ಜೋಡಿಸುವ ಪೈಥಾನ್‌ನ ಸ್ಟ್ರಕ್ಟ್ ಪ್ಯಾಕ್ ಉದ್ದದ್ದನ್ನು ಸದ್ದಿಲ್ಲದೆ 32ಕ್ಕೆ ಕತ್ತರಿಸುತ್ತದೆ: ನಲ್ಲೂ ಹೋಯಿತು, ಕೊನೆಯ ಅಕ್ಷರವೂ ಅರ್ಧ, ಓದುವಾಗ ಡಿಕೋಡ್ ಎರರ್. ನಾನು ಮಾಡಿದ್ದು: 31ರಲ್ಲಿ ನಿಂತು, ಕತ್ತರಿಸುವ ಜಾಗದ ಬೈಟ್ 128ರಿಂದ 191ರೊಳಗಿದ್ದರೆ (ಅಂದರೆ ಅಕ್ಷರದ ನಡುವೆ ಇದ್ದರೆ) ಒಂದೊಂದೇ ಹಿಂದೆ ಸರಿಯುವುದು. ಆಮೇಲೂ ವೆಂಕಟಲಕ್ಷ್ಮಿ ತೊಂದರೆ ಕೊಟ್ಟಳು. ಹತ್ತನೆಯದು ವಿರಾಮ, ಚೀಟಿಯಲ್ಲಿ ‘ವೆಂಕಟಲಕ್ಷ್’. ತುದಿಯ ವಿರಾಮವನ್ನೂ ಕಿತ್ತುಹಾಕಿ, ಉಳಿದ ಜಾಗಕ್ಕೆ ಸೊನ್ನೆ ತುಂಬಿ. ಉದ್ದದ ಹೆಸರುಗಳನ್ನು ಹತ್ತರಲ್ಲಿ ಕೂರಿಸುವ ನನ್ನ ಸಂಕ್ಷೇಪ ಪಟ್ಟಿಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ.

ನಡುವೆ ಯುಟಿಎಫ್-16 ಪ್ರಯೋಗವೂ ಆಯಿತು. ತಲಾ ಎರಡೇ ಬೈಟ್, ನಲ್‌ಗೂ ಎರಡು ಬಿಟ್ಟರೆ 15 ಸಂಕೇತ. ಶ್ರೀನಿವಾಸಮೂರ್ತಿ ಅಳತೆಗೆ ಹೊಲಿದಂತೆ ಕೂತ! ಆದರೆ ಇಂಗ್ಲಿಷ್ ಹೆಸರಿನಲ್ಲಿ ಪ್ರತಿ ಅಕ್ಷರ ಆದಮೇಲೆ ಒಂದು ಸೊನ್ನೆ ಬೈಟ್, ಸಿ ಪ್ರೋಗ್ರಾಂ ಮೊದಲಕ್ಷರಕ್ಕೇ ನಿಲ್ಲುತ್ತದೆ. ಪೈಥಾನ್‌ನಲ್ಲಿ ಜೋಡಿ ಸೊನ್ನೆ ಹುಡುಕಿದರೂ ಬೆಸ ಸ್ಥಾನದಲ್ಲಿ ಸಿಕ್ಕು ಕೊನೆಯ ಅಕ್ಷರ ಅರ್ಧ ಹೋಗುತ್ತದೆ, ಎರಡೆರಡೇ ಬೈಟ್ ಹಾರಿ ನೋಡಬೇಕು. ಕನ್ನಡ ಹೆಸರಿನಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಅದಕ್ಕೇ ಅರ್ಧ ದಿನ ಹಾಳಾಯಿತು.

ಬರೆದಮೇಲೆ ಫೈಲಿನ ಗಾತ್ರವನ್ನು 64ರಿಂದ ಭಾಗಿಸಿ ನೋಡಿ. ಶೇಷ ಬಂದರೆ ಬ್ಯಾಕಪ್ ವಾಪಸ್ ಹಾಕಿ.